ಅಚ್ಚಿನ ಖರ್ಚು ಎಷ್ಟು ತಲೆಗೆ?

ಒಂದು ಹೆಲ್ಮೆಟ್ ಮಾಡಿದರೆ 9,000 ರೂಪಾಯಿ. ಮೂರು ಮಾಡಿದರೆ ಒಂದಕ್ಕೆ 4,300 ಚಿಲ್ಲರೆ. ಹತ್ತು ಮಾಡಿದರೆ 2,700. ಮಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುವ ಈ ಲೆಕ್ಕವೇ ಈ ವಾರದ ಅಂಕಣ. ಸಣ್ಣ ಕಾರ್ಖಾನೆ ನಡೆಸುವವರಿಗೆ ಇದು ಬಾಯಿಪಾಠ. ಮನೆಯ ಹವ್ಯಾಸಕ್ಕೆ ಮಾತ್ರ ಇದನ್ನು ಹಚ್ಚಿ ನೋಡುವವರು ಕಡಿಮೆ, ಹಾಗಾಗಿಯೇ ಹವ್ಯಾಸದ ದುಡ್ಡು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಇದು ಸ್ಕೂಟರ್ ಹೆಲ್ಮೆಟ್ ಅಲ್ಲ. ವೈಟ್‌ಫೀಲ್ಡಿನ ಕೆಟಿಪಿಒದಲ್ಲಿ ನಡೆಯುವ ಕಾಮಿಕ್ ಕಾನ್‌ಗೆ ವೇಷ ಕಟ್ಟಿಕೊಂಡು ಹೋಗುವ ಹುಡುಗ ಹುಡುಗಿಯರು ತಲೆಗೆ ಹಾಕಿಕೊಳ್ಳುತ್ತಾರಲ್ಲ, ಬೇರೆ ಗ್ರಹದ ಸೈನಿಕನದೋ ಯಂತ್ರಮಾನವನದೋ ಶಿರಸ್ತ್ರಾಣ, ಅದು. (ರಸ್ತೆಯಲ್ಲಿ ಐಎಸ್‌ಐ ಗುರುತಿನದೇ ಬೇಕು. ಈ ವೇಷದ್ದನ್ನು ಹಾಕಿಕೊಂಡು ಗಾಡಿ ಹತ್ತಬಾರದು.) ಇಂಗ್ಲಿಷ್ ಸಿನಿಮಾದ್ದನ್ನು ನಕಲು ಮಾಡಲು ಮಗಳಿಗೆ ಮನಸ್ಸಿರಲಿಲ್ಲ. ತುಮಕೂರು, ಹಾಸನದ ಕಡೆಯ ಸೋಮನ ಕುಣಿತದ ಮುಖವಾಡ ಅವಳ ತಲೆಯಲ್ಲಿತ್ತು. ಆ ಅಗಲ ಕಣ್ಣು, ಕೋರೆಹಲ್ಲು, ಕೆಂಪು ಬಣ್ಣ ಬಾಹ್ಯಾಕಾಶಕ್ಕೆ ಹೋದರೆ ಹೇಗಿರುತ್ತದೆ ಎಂದು ಬಿಡಿಸಿ ತೋರಿಸಿದಳು. ಚಿತ್ರ ನೋಡಿ ನನಗೂ ಆಸೆಯಾಯಿತು.

ಮಣ್ಣು ಮುಟ್ಟುವ ಮೊದಲು ಇಬ್ಬರೂ ಪಾಟರಿ ಟೌನಿಗೆ ಹೋದೆವು. ಅಲ್ಲಿ ಗಣೇಶನನ್ನು ಮಾಡುವವರಿಗಿಂತ ಚೆನ್ನಾಗಿ ಅಚ್ಚಿನ ವಿಷಯ ಈ ಊರಿನಲ್ಲಿ ಯಾರು ಬಲ್ಲರು? ಚಿತ್ರ ನೋಡಿದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು. "ಎಷ್ಟು ಪೀಸ್ ಮಾಡ್ತೀಯಮ್ಮ? ಒಂದೇ ಬೇಕಂದ್ರೆ ಮೋಲ್ಡ್ ಯಾತಕ್ಕೆ, ನೇರವಾಗಿ ಮಾಡ್ಕೊ."

ಅವರ ಮಾತಿನಲ್ಲಿ ಇಡೀ ಲೆಕ್ಕವಿದೆ. ಇಂಥ ಕೆಲಸದಲ್ಲಿ ದುಬಾರಿ ವಸ್ತು ಹೆಲ್ಮೆಟ್ ಅಲ್ಲ, ಅದರ ಅಚ್ಚು. ಒಂದೇ ಬೇಕಿದ್ದರೆ ಫೋಮ್ ಶೀಟು ಕತ್ತರಿಸಿ, ಬಿಸಿಗಾಳಿಯಲ್ಲಿ ಬಗ್ಗಿಸಿ, ಅಂಟಿಸಿ ಮುಗಿಸಬಹುದು. ಅಚ್ಚು ಮಾಡುವ ನಿರ್ಧಾರವೆಂದರೆ ಬಂಡವಾಳ ಹೂಡುವ ನಿರ್ಧಾರ. ಮಗಳು ಅಲ್ಲಿಂದ ಬಂದವಳೇ ಇಬ್ಬರು ಗೆಳತಿಯರಿಗೆ ಫೋನು ಮಾಡಿದಳು. ಮೂವರಿಗೂ ಒಂದೇ ಆಕಾರ, ಒಂದೇ ಅಳತೆ, ಬಣ್ಣ ಮಾತ್ರ ಅವರವರ ಇಷ್ಟ ಎಂದು ಮೊದಲೇ ಮಾತಾಯಿತು. ಮೂವರಲ್ಲಿ ದೊಡ್ಡ ತಲೆಯ ಸುತ್ತಳತೆಗೆ ಅಚ್ಚು, ಉಳಿದವರಿಗೆ ಒಳಗೆ ಸ್ಪಂಜು ಜಾಸ್ತಿ. ಪಾಲುದಾರಿಕೆಯ ಕರಾರೆಲ್ಲ ಮಣ್ಣು ಹಚ್ಚುವ ಮೊದಲೇ ಆಗಬೇಕು. ಆಕಾರ ನಿಂತ ಮೇಲೆ ಒಬ್ಬರು ತಕರಾರು ತೆಗೆದರೆ ಮೂವರ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ.

ಖರ್ಚನ್ನು ಎರಡು ಕಡೆ ಬರೆದುಕೊಂಡೆವು. ಒಂದು ಮಾಡಲಿ, ಹತ್ತು ಮಾಡಲಿ, ಒಂದೇ ಸಲ ಬೀಳುವ ಖರ್ಚು ಎಡಕ್ಕೆ. ತಿದ್ದಲು ಆಯಿಲ್ ಕ್ಲೇ 1,600. ಇದು ಒಣಗುವುದಿಲ್ಲ, ಕುಗ್ಗುವುದಿಲ್ಲ, ಕೆಲಸವಾದ ಮೇಲೆ ಮತ್ತೆ ಡಬ್ಬಕ್ಕೆ ಹೋಗುತ್ತದೆ. ಸಿಲಿಕೋನ್ ರಬ್ಬರ್ ಮೂರು ಕಿಲೋ, 2,700. ಮೆತ್ತಗಿನ ರಬ್ಬರನ್ನು ಆಕಾರದಲ್ಲಿ ಹಿಡಿದಿಡಲು ಹೊರಗಿನ ಗಟ್ಟಿ ಕವಚಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ತೆಂಗಿನ ನಾರು, 400. ಕುಂಚ, ಲೋಟ, ಮೇಣ, 500. ಮಾಸ್ಕು, ಗ್ಲೌಸು, 1,800. ಒಟ್ಟು 7,000. ಬಲಗಡೆ, ಪ್ರತಿ ಹೆಲ್ಮೆಟ್ಟಿಗೂ ಬೀಳುವ ರೆಸಿನ್, ಫೈಬರ್ ಮ್ಯಾಟ್, ಪುಟ್ಟಿ, ವಾಟರ್ ಪೇಪರ್, ಪ್ರೈಮರ್, ಬಣ್ಣ, ಕಣ್ಣಿಗೆ ಕಪ್ಪು ವೈಸರ್, ಎಲ್ಲ ಸೇರಿ 2,000. ಇವು ನಾವು ಕೊಟ್ಟ ದರ, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದ್ದೇ ಇರುತ್ತದೆ.

ಎಡಗಡೆಯಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕುವುದು ಆ 1,800ಕ್ಕೆ. ದಯವಿಟ್ಟು ಹಾಕಬೇಡಿ. ಪಾಲಿಯೆಸ್ಟರ್ ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಯನ್ನು ಬಟ್ಟೆ ಮಾಸ್ಕಾಗಲಿ ಆಸ್ಪತ್ರೆಯ ಮಾಸ್ಕಾಗಲಿ ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಉಜ್ಜುವಾಗ ಏಳುವ ಗಾಜಿನ ನಾರಿನ ದೂಳಿಗೆ ಅದರ ಮೇಲೊಂದು ಫಿಲ್ಟರ್ ಬೇಕು. ರೆಸಿನ್ ಜೊತೆ ಕೊಡುವ ಕೋಬಾಲ್ಟನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲೆತಿರಬೇಕು, ಹಾರ್ಡನರ್ ಆಮೇಲೆ. ಹನುಮಂತನಗರದಲ್ಲಿ ನಮ್ಮದು ಗೋಡೆಗೆ ಗೋಡೆ ತಾಗಿದಂತಿರುವ ಸಾಲುಮನೆ. ಅದಕ್ಕೇ ಎಲ್ಲ ಕೆಲಸ ತಾರಸಿಯ ಮೇಲೆ, ಅದೂ ಅಕ್ಕಪಕ್ಕದವರಿಗೆ ಹೇಳಿ, ಅವರು ಬಟ್ಟೆ ಒಳಗೆ ತೆಗೆದುಕೊಂಡ ಮೇಲೆ.

ಸಿಲಿಕೋನಿನಲ್ಲಿ ಎರಡು ಜಾತಿ. ತವರದ ವೇಗವರ್ಧಕದ್ದು ಅಗ್ಗ, ಪ್ಲಾಟಿನಮ್ಮಿನದು ದುಬಾರಿ. ಪ್ಲಾಟಿನಮ್ ಸಿಲಿಕೋನ್ ಗಂಧಕವಿರುವ ಕ್ಲೇ ತಾಗಿದರೆ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ನಿಲ್ಲುತ್ತದೆ. ಕಿಲೋಗಟ್ಟಲೆ ಸುರಿಯುವ ಮುನ್ನ ಒಂದು ಉಂಡೆ ಕ್ಲೇ ಮೇಲೆ ಒಂದು ಚಮಚ ಹಚ್ಚಿ ರಾತ್ರಿಯೆಲ್ಲ ಬಿಟ್ಟು ನೋಡುವುದು ಒಳ್ಳೆಯದು. ತವರದ್ದಕ್ಕೆ ಆ ರಗಳೆ ಇಲ್ಲ, ಆದರೆ ಆಯಸ್ಸು ಕಡಿಮೆ. ಸುಮ್ಮನೆ ಅಟ್ಟದ ಮೇಲೆ ಇಟ್ಟರೂ ಕೆಲವು ವರ್ಷಗಳಲ್ಲಿ ಪೆಡಸಾಗಿ ಹರಿದುಹೋಗತೊಡಗುತ್ತದೆ. ಪ್ರತಿ ಸಲ ಎರಕ ತೆಗೆದಾಗಲೂ ಸ್ಟೈರೀನ್ ಅದನ್ನು ಒಂದಿಷ್ಟು ತಿನ್ನುತ್ತದೆ. ಹತ್ತು ಹೆಲ್ಮೆಟ್ ಮಾಡಿದರೆ ತಲೆಗೆ 2,700 ಎಂಬ ಲೆಕ್ಕ ನಿಜವಾಗುವುದು ಆ ಹತ್ತನ್ನು ಅಚ್ಚು ಸಾಯುವುದರೊಳಗೆ ತೆಗೆದರೆ ಮಾತ್ರ. ಮುಂದೆಂದೋ ಮಾಡುವ ಏಳು ಹೆಲ್ಮೆಟ್ಟನ್ನು ಇವತ್ತಿನ ಭಾಗಾಕಾರಕ್ಕೆ ಸೇರಿಸಬಾರದು. ನಾವು ಮೂರರಿಂದಲೇ ಭಾಗಿಸಿದೆವು.

ಮಗಳ ಪಾಲಿನ 4,333 ರೂಪಾಯಿ ಅವಳ ಆರ್‌ಡಿಯಿಂದ ಬಂತು. ತಿಂಗಳಿಗೆ 500ರಂತೆ ವರ್ಷದ ಕೊನೆಗೆ 6,000 ಮತ್ತು ಬಡ್ಡಿ. ಅದು ಅವಳ ವೇಷದ ಕಾಸು, ಕಾಲೇಜಿನ ಫೀಸಿಗೂ ಮನೆಯ ಕಂತಿಗೂ ಅದನ್ನು ಮುಟ್ಟುವುದಿಲ್ಲ. ಮಕ್ಕಳ ಇಂಥ ಆಸೆಯನ್ನು ದಂಡದ ಖರ್ಚೆಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ಅವಳ ಕೈ ಕಲಿತದ್ದು ಬಹಳ. ಸಿಲಿಕೋನನ್ನು ಮೊದಲ ಪದರ ತೆಳ್ಳಗೆ ಬಳಿದು ಗುಳ್ಳೆ ಒಡೆಯುವುದು, ಅಚ್ಚನ್ನು ಹಿಂದುಗಡೆ ನೇರ ಸೀಳದೆ ಅಂಕುಡೊಂಕಾಗಿ ಕೊಯ್ಯುವುದು, ಹಾಗೆ ಕೊಯ್ದರೆ ಮತ್ತೆ ಕೂಡಿಸುವಾಗ ಅಂಚು ತಾನೇ ಕಚ್ಚಿ ಕೂರುತ್ತದೆ ಎಂಬುದು, ಇವೆಲ್ಲ ಎಲ್ಲಿ ಕಲಿಸುತ್ತಾರೆ?

ಹೊರದೇಶದಿಂದ ಸಿದ್ಧ ಹೆಲ್ಮೆಟ್ ತರಿಸುವವರೂ ಉಂಟು. ಅವರು ಬೆಲೆ, ಸುಂಕಗಳ ಜೊತೆ ಪೆಟ್ಟಿಗೆಯ ಗಾತ್ರವನ್ನೂ ನೋಡಬೇಕು. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ ತೂಕ ಹಿಡಿಯುತ್ತಾರೆ. ಎಲ್ಲ ಕಡೆ 35 ಸೆಂಟಿಮೀಟರ್ ಇರುವ ಪೆಟ್ಟಿಗೆ ಆ ಲೆಕ್ಕದಲ್ಲಿ ಎಂಟೂವರೆ ಕಿಲೋ ದಾಟುತ್ತದೆ, ಒಳಗಿನ ಹೆಲ್ಮೆಟ್ ಒಂದೂವರೆ ಕಿಲೋ ಇದ್ದರೂ.

ಮಾಡಿದ್ದನ್ನು ಮಾರಬಹುದೇ ಎಂಬ ಪ್ರಶ್ನೆ ಬೇಗ ಬರುತ್ತದೆ. ಇಲ್ಲಿ ಲಂಡನ್ನಿನ ಒಂದು ಮೊಕದ್ದಮೆ ನೆನಪಿಡಬೇಕು. ಸ್ಟಾರ್ ವಾರ್ಸ್‌ನ ಬಿಳಿ ಸೈನಿಕರ ಹೆಲ್ಮೆಟ್ಟುಗಳನ್ನು 1976ರಲ್ಲಿ ಮಾಡಿಕೊಟ್ಟವರು ಆಂಡ್ರ್ಯೂ ಐನ್ಸ್‌ವರ್ತ್. ಮಣ್ಣಿನ ಮಾದರಿಯಿಂದ ಅಚ್ಚು ಮಾಡಿ, ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ನಿರ್ವಾತದಲ್ಲಿ ಎಳೆದು ಐವತ್ತು ಹೆಲ್ಮೆಟ್ ತೆಗೆದಿದ್ದರು. ಅಚ್ಚು ಅವರ ಬಳಿಯೇ ಉಳಿದಿತ್ತು. 2004ರಲ್ಲಿ ಅದರಿಂದಲೇ ಮಾಡಿ ಮಾರತೊಡಗಿದಾಗ ಆ ಸಿನಿಮಾದ ಕಂಪನಿ ಲ್ಯೂಕಾಸ್‌ಫಿಲ್ಮ್ ದಾವೆ ಹೂಡಿತು. ಅಮೆರಿಕದ ನ್ಯಾಯಾಲಯ 2006ರಲ್ಲಿ 2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾತ್ರ 2011ರಲ್ಲಿ, ಇದು ಸಿನಿಮಾಕ್ಕೆ ಬಳಸಿದ ಪರಿಕರ, ಶಿಲ್ಪವಲ್ಲ, ಶಿಲ್ಪಕ್ಕಿರುವ ಕೃತಿಸ್ವಾಮ್ಯ ಇದಕ್ಕಿಲ್ಲ ಎಂದು ತೀರ್ಪಿತ್ತಿತು. ಒಂದೇ ಅಚ್ಚು, ಎರಡು ದೇಶ, ಎರಡು ನ್ಯಾಯ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಐವತ್ತರ ಗೆರೆಯೊಂದಿದೆ. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದರ ಒಡೆಯರೋ ಅವರ ಅನುಮತಿ ಪಡೆದವರೋ ಕೈಗಾರಿಕಾ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯುತ್ತದೆ. ಸ್ವಂತ ವಿನ್ಯಾಸ ಮಾಡಿದವರು ಇದನ್ನು ತಿಳಿದಿರಬೇಕು. ಇನ್ನೊಬ್ಬರ ಪಾತ್ರವನ್ನು ಎರಕ ಹೊಯ್ದು ಮಾರುವವರು ವಕೀಲರನ್ನು ಕೇಳದೆ ಮುಂದುವರಿಯಬಾರದು. ತೆರಿಗೆಯ ಮಾತೂ ಇದೆ. ಮಾರಿ ಬಂದ ಲಾಭ ಆದಾಯವೇ. ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಚೆನ್ನೈಗೆ ಒಂದು ಕಳಿಸಿದರೂ ಸಾಮಾನ್ಯವಾಗಿ ಬೇಕು.

ನಮ್ಮ ಮೊದಲ ಗಿರಾಕಿಗಳು ಅಷ್ಟು ದೂರದವರಲ್ಲ. ರಾಮಾಂಜನೇಯ ಗುಡ್ಡದ ಕೆ.ಎಚ್. ಕಲಾಸೌಧದಲ್ಲಿ ನಾಟಕವಾಡುವ ತಂಡವೊಂದು ಎರಡು ಕೇಳಿದೆ. "ಸಾಮಾನಿನ ದುಡ್ಡು ತಗೊಂಡು ಕೊಟ್ಟುಬಿಡಲಾ ಅಮ್ಮಾ?" ಎಂದಳು ಮಗಳು. ಬೇಡವೆಂದೆ. ಅಚ್ಚಿನ 7,000ವನ್ನು ಈಗ ಐದರಿಂದ ಭಾಗಿಸಿದರೆ ತಲೆಗೆ 1,400. ಸಾಮಾನು 2,000. ಉಜ್ಜಿ, ಪುಟ್ಟಿ ಹಾಕಿ, ಮತ್ತೆ ಉಜ್ಜಿ, ಬಣ್ಣ ಹೊಡೆಯುವ ಕೂಲಿ 1,600. ಒಂದಕ್ಕೆ 5,000, ಅರ್ಧ ಮುಂಗಡ. ತಂಡದವರು ಒಪ್ಪಿ ಮುಂಗಡ ಕೊಟ್ಟಿದ್ದಾರೆ. ಹಣ ಪೂರ್ತಿ ಬಂದ ಮೇಲೆ 2,800 ಅಚ್ಚಿಗೆ ಹಾಕಿದ ಮೂರು ಮನೆಗಳಿಗೂ ಸಮನಾಗಿ ವಾಪಸ್ಸು ಹೋಗುತ್ತದೆ, 3,200 ಉಜ್ಜಿದವರಿಗೆ.