ಬಿಲ್ಲಿಗೂ ಹಣಕ್ಕೂ ನಡುವಿನ ತಿಂಗಳುಗಳು

ಪೀಣ್ಯದಲ್ಲಿ ಯಂತ್ರ ಕೊಳ್ಳಲು ಸಾಲ ಹುಟ್ಟುತ್ತದೆ. ಆ ಯಂತ್ರ ಓಡಿಸುವವರಿಗೆ ಮೂರನೇ ತಿಂಗಳ ಸಂಬಳ ಕೊಡಲು ಸಾಲ ಹುಟ್ಟುವುದಿಲ್ಲ. ಎರಡನೇ ಹಂತದ ಬಾಡಿಗೆ ಶೆಡ್ಡೊಂದರಲ್ಲಿ ವೈರಿಂಗ್ ಹಾರ್ನೆಸ್ ಘಟಕ ನಡೆಸುತ್ತ, ಸುತ್ತಮುತ್ತಲಿನ ಹೆಣ್ಣುಮಕ್ಕಳ ಬ್ಯಾಂಕ್ ಕಾಗದಪತ್ರ ಓದಿಕೊಡುತ್ತ ಬಂದ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಮನದಟ್ಟಾದ ಸಂಗತಿ ಇದು. ಮಹಿಳಾ ಉದ್ಯಮಿಗೆ ನೆರವು ಎಂದಕೂಡಲೇ ಎಲ್ಲರ ಕಣ್ಣೂ ಟೇಪು ಕತ್ತರಿಸುವ ದಿನದ ಮೇಲಿರುತ್ತದೆ. ನಾನು ಕಂಡ ಘಟಕಗಳು ಬಾಗಿಲು ಹಾಕಿದ್ದು ಆರಂಭದಲ್ಲಲ್ಲ. ಕೆಲಸ ಕೈತುಂಬ ಇದ್ದಾಗ, ಆರ್ಡರ್ ಹೆಚ್ಚಿದಾಗ.

ಲಗ್ಗೆರೆಯ ಒಬ್ಬರ ಲೆಕ್ಕ ನೋಡಿದರೆ ಇದು ತಿಳಿಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದವರು ಕೆಲಸ ಬಿಟ್ಟು, ಮನೆಯ ಕೆಳಮಹಡಿಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಸಿಬ್ಬಂದಿಯ ಸಮವಸ್ತ್ರ ಹೊಲಿಯಲು ಶುರು ಮಾಡಿದರು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಜನ ಒದಗಿಸುವ ಒಂದು ಸಂಸ್ಥೆಯಿಂದ ದೊಡ್ಡ ಆರ್ಡರ್ ಬಂತು. ಬಟ್ಟೆ ಕೊಡುವ ಚಿಕ್ಕಪೇಟೆಯ ಸಗಟು ವ್ಯಾಪಾರಿಗೆ ಹದಿನೈದು ದಿನದಲ್ಲಿ ಹಣ ಕಟ್ಟಬೇಕು. ಹೊಲಿಯುವವರಿಗೆ ಶನಿವಾರ ಶನಿವಾರ ಬಟವಾಡೆ. ಬಿಲ್ ಹಾಕಿದ ಮೇಲೆ, ಹಣ ಬಂದಿರಲಿ ಬಿಡಲಿ, ಮುಂದಿನ ತಿಂಗಳು 20ರೊಳಗೆ ಜಿಎಸ್‌ಟಿ ಕಟ್ಟಲೇಬೇಕು. ಕೊಂಡವರು ಮಾತ್ರ ತೊಂಬತ್ತು ದಿನ ಎಂದರು, ಆಮೇಲೆ ನೂರಿಪ್ಪತ್ತು ಆಯಿತು. ಕಾಗದದ ಮೇಲೆ ಒಳ್ಳೆಯ ಲಾಭವಿತ್ತು. ಬಳೆ, ಸರ, ಕೊನೆಗೆ ತಾಯಿಯ ಓಲೆಯೂ ಒಡವೆ ಸಾಲಕ್ಕೆ ಹೋದವು.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಘಟಕದಿಂದ ಸರಕು ಪಡೆದವರು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನವಷ್ಟೇ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು 2017ರಲ್ಲೇ ‘ಸಮಾಧಾನ್’ ಪೋರ್ಟಲ್ ಬಂತು. ಇದನ್ನೆಲ್ಲ ಹೇಳಿದಾಗ ಲಗ್ಗೆರೆಯವರು ಕೇಳಿದ್ದು ಒಂದೇ ಮಾತು: “ದೂರು ಕೊಟ್ರೆ ಮುಂದಿನ ಪಿಒ ಯಾರ್ ಕೊಡ್ತಾರಕ್ಕ?” ಇರುವುದು ಒಬ್ಬನೇ ಗಿರಾಕಿ. ಅವನ ಮೇಲೆ ದೂರು ಕೊಡುವುದೆಂದರೆ ಅಂಗಡಿ ಮುಚ್ಚಿದ ಮೇಲೆ ಮಾಡುವ ಕೆಲಸ.

ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆದಾಯ ತೆರಿಗೆಯ ಒಂದು ಸಣ್ಣ ತಿದ್ದುಪಡಿ. 43ಬಿ(ಎಚ್) ಎಂದು ಪೀಣ್ಯದ ಲೆಕ್ಕಿಗರೆಲ್ಲರ ಬಾಯಲ್ಲಿರುವ ಈ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಅವಧಿಯೊಳಗೆ ಹಣ ಕೊಡದಿದ್ದರೆ ಕೊಂಡವರು ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಹಣ ಸಂದಾಯವಾದ ವರ್ಷವೇ ತೋರಿಸಬೇಕು. ನಾವು ಬಾಯಿ ಬಿಡದೆಯೇ ಕೊಂಡವರ ಆಡಿಟರ್ ನಮ್ಮ ಪರವಾಗಿ ಕೇಳುವಂತಾಯಿತು. ಆದರೆ ನಾವು ಸಣ್ಣ ಘಟಕ ಎಂಬುದು ಆ ಆಡಿಟರಿಗೆ ಗೊತ್ತಾಗಬೇಕಲ್ಲ? ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ತಲೆಯ ಮೇಲೇ ಅಚ್ಚು ಹಾಕಿಸಿ ಎಂದು ನಾನು ಈಗ ಎಲ್ಲರಿಗೂ ಮೊದಲು ಹೇಳುವುದು ಇದಕ್ಕೇ. ನೋಂದಣಿಗೆ ಕಾಸಿಲ್ಲ. ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಹಾಗಿದ್ದೂ ವರ್ಷಗಟ್ಟಲೆ ವ್ಯವಹಾರ ಮಾಡಿದ ಹೆಣ್ಣುಮಕ್ಕಳು ನೋಂದಣಿ ಇಲ್ಲದೆ ಬರುತ್ತಾರೆ.

ಬ್ಯಾಂಕು ಏಕೆ ಇವರ ಕೈಗೆಟುಕುವುದಿಲ್ಲ ಎಂಬ ಪ್ರಶ್ನೆಗೆ ಅಂಕಿಅಂಶಗಳು ಅರ್ಧ ಉತ್ತರ ಕೊಡುತ್ತವೆ. ಆರನೇ ಆರ್ಥಿಕ ಗಣತಿ ಲೆಕ್ಕ ಹಾಕಿದ ಸುಮಾರು 5.85 ಕೋಟಿ ಘಟಕಗಳಲ್ಲಿ ಹೆಂಗಸರ ಒಡೆತನದವು 80.5 ಲಕ್ಷ, ಅಂದರೆ ಶೇ 13.76. ಅವುಗಳಲ್ಲಿ ಶೇ 79ರಷ್ಟು ನಡೆಯುತ್ತಿದ್ದದ್ದು ಸ್ವಂತ ದುಡ್ಡಿನಲ್ಲಿ. ಸ್ವಂತ ದುಡ್ಡು ಎಂದರೆ ನಮ್ಮ ಕಡೆ ಏನೆಂದು ಗಣತಿಯವರು ಬರೆದಿಲ್ಲ. ಒಡವೆ, ಚೀಟಿ, ಗಂಡನ ಪಿಎಫ್, ಗೃಹಪ್ರವೇಶಕ್ಕೆಂದು ಕೂಡಿಟ್ಟದ್ದು, ಅಷ್ಟೆ.

ಉಳಿದರ್ಧ ಉತ್ತರ ಉಪನೋಂದಣಿ ಕಚೇರಿಯಲ್ಲಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕೇಂದ್ರ ಸರ್ಕಾರ 2005ರಲ್ಲಿ ತಿದ್ದುಪಡಿ ತಂದರೆ, ಕರ್ನಾಟಕ 1994ರಲ್ಲೇ ತಂದಿತ್ತು. ಅಷ್ಟು ಮುಂಚೆಯೇ ಹಕ್ಕು ಸಿಕ್ಕ ರಾಜ್ಯದಲ್ಲಿ, ನನ್ನ ಮುಂದೆ ಕಾಗದಪತ್ರ ಬಿಚ್ಚಿದ ಹೆಂಗಸರಲ್ಲಿ ಹೆಚ್ಚಿನವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದವರು. ಅಣ್ಣ ಕರೆದ, ಅಮ್ಮ ಹೇಳಿದಳು, ತವರಿನ ಬಾಗಿಲು ಮುಚ್ಚಬಾರದು ಎಂದು ಸಹಿ ಹಾಕಿದರು. ದೇವನಹಳ್ಳಿ, ಆನೇಕಲ್, ನೆಲಮಂಗಲದ ಜಮೀನಿಗೆ ಆಮೇಲೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಎಷ್ಟೋ ವರ್ಷದ ನಂತರ ಬ್ಯಾಂಕಿನವರು “ಅಡಮಾನಕ್ಕೆ ಏನಿದೆ?” ಎಂದು ಕೇಳುವಾಗ ಕಾಡುವುದು ಅದೇ ಸಹಿ. ಮಹಿಳಾ ಉದ್ಯಮದ ಬಗ್ಗೆ ನಡೆಯುವ ಸಭೆಗಳಲ್ಲಿ ಈ ಪತ್ರದ ಮಾತು ಬರುವುದೇ ಇಲ್ಲ. ಬರಬೇಕು.

ಅಡಮಾನವಿಲ್ಲದೆ ಸಾಲ ಕೊಡುವ ದಾರಿ ಇದೆ. ಸಣ್ಣ ಘಟಕಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿತು. 2000ದಲ್ಲಿ ಹುಟ್ಟಿದ ಸಿಜಿಟಿಎಂಎಸ್‌ಇ ನಿಧಿ ಅಂಥ ಸಾಲಗಳಿಗೆ ಖಾತರಿ ನಿಲ್ಲುತ್ತದೆ. ರಾಜ್ಯದ್ದೇ ಆದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿ 2015ರ ಹೊತ್ತಿಗೆ ಮಹಿಳೆಯರಿಗೆ ಶೇ 4ರ ಬಡ್ಡಿಯಲ್ಲಿ 50 ಲಕ್ಷದವರೆಗೆ ಸಾಲ ಕೊಡತೊಡಗಿತು, ಮಿಕ್ಕ ಬಡ್ಡಿ ಸರ್ಕಾರದ್ದು. ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಇದೆ, 3 ಲಕ್ಷದವರೆಗೆ, ಸಹಾಯಧನ ಸಹಿತ. ಇವುಗಳಿಂದ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಇವುಗಳ ದೃಷ್ಟಿ ಬಹುಮಟ್ಟಿಗೆ ಯಂತ್ರ ಮತ್ತು ಆರಂಭದ ಮೇಲೆ. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ, 10 ಲಕ್ಷದಿಂದ 1 ಕೋಟಿಯವರೆಗೆ ಕೊಡುತ್ತಿದ್ದ ಯೋಜನೆ, ಹೊಸ ಉದ್ಯಮಕ್ಕೆ ಮಾತ್ರ ಎಂದು ನಿಯಮದಲ್ಲೇ ಬರೆದುಕೊಂಡಿತ್ತು. ಐದು ವರ್ಷ ಗಟ್ಟಿಯಾಗಿ ನಡೆಸಿ, ಇನ್ನೊಂದು ದೊಡ್ಡ ಆರ್ಡರ್ ಹಿಡಿಯಲು ಹೊರಟವಳಿಗೆ ಅಲ್ಲಿ ಜಾಗವಿರಲಿಲ್ಲ.

ಬ್ಯಾಂಕಿನ ಮುಖವನ್ನೇ ನೋಡದೆ ಉದ್ಯಮ ನಡೆಸುವುದರ ಬೆಲೆ 2020ರಲ್ಲಿ ಗೊತ್ತಾಯಿತು.

ವೈಟ್‌ಫೀಲ್ಡ್‌ನ ಕಚೇರಿಗಳು ಮಾರ್ಚ್ ಕೊನೆಯ ವಾರದಲ್ಲಿ ಖಾಲಿಯಾದವು. ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರದ ಸುತ್ತ ಊಟದ ಡಬ್ಬಿ ಕಳಿಸುತ್ತಿದ್ದವರು, ಪಿಜಿ ನಡೆಸುತ್ತಿದ್ದವರು, ಆಫೀಸಿನ ಕ್ಯಾಂಟೀನಿಗೆ ಚಪಾತಿ, ಪಲ್ಯ ಒದಗಿಸುತ್ತಿದ್ದವರು ಒಂದೇ ವಾರದಲ್ಲಿ ಬರಿಗೈಯಾದರು. ಕಾಡುಗೋಡಿಯಲ್ಲಿ ಅಡುಗೆಮನೆ ನಡೆಸುತ್ತಿದ್ದ ಇಬ್ಬರನ್ನು ಹತ್ತಿರದಿಂದ ನೋಡಿದೆ. ಒಬ್ಬರು ಹಿಂದೆ ಎಂದೋ ಮುದ್ರಾ ಸಾಲ ತೆಗೆದು ನಿಯಮಿತವಾಗಿ ಕಂತು ಕಟ್ಟುತ್ತಿದ್ದವರು. ಇನ್ನೊಬ್ಬರು “ನಂಗೆ ಯಾರ ಋಣಾನೂ ಬೇಡ” ಎಂದು ಎಲ್ಲವನ್ನೂ ಕೈಯಿಂದಲೇ ಹಾಕಿ ನಡೆಸಿದವರು. ಇಬ್ಬರಲ್ಲಿ ಎರಡನೆಯವರ ವ್ಯಾಪಾರವೇ ದೊಡ್ಡದು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ತಂದಾಗ ಅದು ಸಿಗುತ್ತಿದ್ದದ್ದು 2020ರ ಫೆಬ್ರುವರಿ 29ರಂದು ಬ್ಯಾಂಕಿನಲ್ಲಿ ಸಾಲ ಬಾಕಿ ಇದ್ದವರಿಗೆ, ಆ ಬಾಕಿಯ ಶೇ 20ರಷ್ಟು. ಮೊದಲನೆಯವರಿಗೆ ಸ್ವಲ್ಪ ಹಣ ಬಂತು, ಪಾತ್ರೆಪಡಗ ಉಳಿದವು. ಯಾರ ಋಣವೂ ಬೇಡವೆಂದವರು ಅರ್ಜಿ ಹಾಕಲೂ ಅರ್ಹರಿರಲಿಲ್ಲ. ಗ್ರೈಂಡರ್, ಸ್ಟೀಮರ್ ಮಾರಿ ಊರಿಗೆ ಹೋದರು.

ಅಲ್ಲಿಂದಾಚೆ ನನ್ನ ಸಲಹೆ ಬದಲಾಗಲಿಲ್ಲ, ಗಟ್ಟಿಯಾಯಿತು: ಬೇಕಾಗುವ ಮುಂಚೆಯೇ ಒಂದು ಸಣ್ಣ ಸಾಲ ತೆಗೆದು ತೀರಿಸಿ. ಉಳಿತಾಯ ಖಾತೆಯಲ್ಲಿ ವ್ಯಾಪಾರ ನಡೆಸಬೇಡಿ, ಚಾಲ್ತಿ ಖಾತೆ ತೆರೆಯಿರಿ. ಸಾಲಕ್ಕೆ ಅಂಜುವುದು ಮರ್ಯಾದೆಯ ಲಕ್ಷಣವೆಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಉದ್ಯಮದಲ್ಲಿ ಆ ಅಂಜಿಕೆಗೆ ದಂಡ ತೆರಬೇಕಾಗುತ್ತದೆ.

ಇನ್ನು ಸಾಲ ಕೇಳುವ ಕುರ್ಚಿ. “ಯಜಮಾನ್ರು ಏನ್ ಮಾಡ್ತಾರಮ್ಮ?” ಎಂಬ ಪ್ರಶ್ನೆ ಬಾರದ ಒಂದು ಸಂದರ್ಶನವೂ ನನಗೆ ನೆನಪಿಲ್ಲ. ಕೇಳುವವರು ಕೆಟ್ಟವರಲ್ಲ, ಎಷ್ಟೋ ಸಲ ಹೆಂಗಸರೇ. ಡಾನಾ ಕಾಂಜ್ ಮತ್ತು ಜೊತೆಗಾರರು ನ್ಯೂಯಾರ್ಕಿನ ನವೋದ್ಯಮ ಸ್ಪರ್ಧೆಯೊಂದರ ವಿಡಿಯೊಗಳನ್ನು ಕೂತು ನೋಡಿ, ಹೂಡಿಕೆದಾರರು ಕೇಳಿದ ಪ್ರಶ್ನೆಗಳನ್ನು ವಿಂಗಡಿಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿತು. ಗಂಡಸರಿಗೆ ಬಂದ ಪ್ರಶ್ನೆಗಳಲ್ಲಿ ಶೇ 67 ಬೆಳವಣಿಗೆಯವು: ಎಷ್ಟು ದೊಡ್ಡದಾಗುತ್ತೀರಿ, ಮುಂದೆ ಯಾವ ಊರು? ಹೆಂಗಸರಿಗೆ ಬಂದವುಗಳಲ್ಲಿ ಶೇ 66 ಕಾಪಾಡಿಕೊಳ್ಳುವ ಬಗೆಯವು: ಇರುವ ಗಿರಾಕಿ ಹೋದರೆ, ನಷ್ಟವಾದರೆ? ಕೇಳಿದ ಧಾಟಿಯಲ್ಲೇ ಉತ್ತರ ಬರುತ್ತದೆ, ಉತ್ತರದ ಧಾಟಿಯಲ್ಲೇ ಹಣ ಬರುತ್ತದೆ. ನಷ್ಟದ ಪ್ರಶ್ನೆಗೆ ಬೆಳವಣಿಗೆಯ ಉತ್ತರ ಕೊಟ್ಟವರಿಗೆ ಹೆಚ್ಚು ಹಣ ಸಿಕ್ಕಿತ್ತು. ಬ್ಯಾಂಕಿಗೆ ಹೋಗುವ ಮುನ್ನ ನಮ್ಮ ಹೆಂಗಸರ ಗುಂಪಿನಲ್ಲಿ ಈಗ ಇದನ್ನು ಅಭ್ಯಾಸ ಮಾಡಿಸುತ್ತೇವೆ. “ಆರ್ಡರ್ ನಿಂತರೆ?” ಎಂದರೆ “ನಿಲ್ಲಲ್ಲ ಸರ್” ಎನ್ನಬೇಡಿ. “ಒಬ್ಬರೇ ಗಿರಾಕಿ ಇರಬಾರದು ಅಂತಲೇ ಈ ಸಾಲ ಕೇಳ್ತಿದೀನಿ ಸರ್, ಎರಡನೇ ಕಂಪನಿಯ ಕೊಟೇಶನ್ ಇಲ್ಲಿದೆ” ಎಂದು ಕಾಗದ ಮುಂದಿಡಿ.

ಹೊಸೂರು ರಸ್ತೆಯಲ್ಲಿ ಬಯೋಕಾನ್ ಆವರಣದ ಮುಂದೆ ಹಾದುಹೋಗುವಾಗಲೆಲ್ಲ ಈ ಕುರ್ಚಿಯ ಯೋಚನೆ ಬರುತ್ತದೆ. 1978ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಕಿರಣ್ ಮಜುಂದಾರ್ ಶಾ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬ್ಯಾಂಕುಗಳು ಮುಂದೆ ಬರಲಿಲ್ಲ, ಕೊನೆಗೆ ಸಮಾರಂಭವೊಂದರಲ್ಲಿ ಪರಿಚಯವಾದ ಬ್ಯಾಂಕ್ ಅಧಿಕಾರಿಯಿಂದ ಸಾಲ ಸಿಕ್ಕಿತು ಎಂಬುದನ್ನೂ ಅವರು ಹೇಳಿಕೊಂಡಿದ್ದಾರೆ. ಹೆಚ್ಚು ಜನ ಗಮನಿಸದ್ದು ಅದರ ಮುಂದಿನ ಘಟ್ಟ. 1987ರಲ್ಲಿ ಐಸಿಐಸಿಐನ ಎನ್. ವಘುಲ್ ಅವರ ಬೆಂಬಲದಿಂದ 2.5 ಲಕ್ಷ ಡಾಲರಿನಷ್ಟು ಸಾಹಸ ಬಂಡವಾಳ ಬಂತು, ತಮ್ಮದೇ ತಂತ್ರಜ್ಞಾನದ ಹುದುಗು ಘಟಕ ವಿಸ್ತರಿಸಲು. ಆರಂಭವಾಗಿ ಒಂಬತ್ತು ವರ್ಷವಾದ ಮೇಲೆ, ನಡೆಯುತ್ತಿರುವ ಉದ್ಯಮಕ್ಕೆ ಬಂದ ಹಣ ಅದು. ಮೊದಲ ಸಾಲಕ್ಕಿಂತ ಎರಡನೆಯದೇ ಬಯೋಕಾನನ್ನು ಬಯೋಕಾನ್ ಮಾಡಿತು ಎಂಬುದು ನನ್ನ ನಂಬಿಕೆ.

ಸಮಾರಂಭದಲ್ಲಿ ಬ್ಯಾಂಕ್ ಅಧಿಕಾರಿ ಸಿಗುವ ಯೋಗ ಹೆಗ್ಗನಹಳ್ಳಿಯಂಥ ಕಡೆ ಸಣ್ಣ ಘಟಕ ನಡೆಸುವವರಿಗೆ ಎಲ್ಲಿಂದ ಬರಬೇಕು? ಅದಕ್ಕೆಂದೇ 1983ರಲ್ಲಿ ಆಹಾರ ತಂತ್ರಜ್ಞೆ ಮಧುರಾ ಛತ್ರಪತಿ ಮತ್ತು ಗೆಳತಿಯರು ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಕಟ್ಟಿದರು. ಅದರ ಮನೆ ಇರುವುದು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, ಪೀಣ್ಯಕ್ಕೆ ಬಹಳ ದೂರವೇನಲ್ಲ. ಅವರ ಪದ್ಧತಿ ಸರಳ: ಹೊಸದಾಗಿ ಬಂದವರಿಗೆ ಉದ್ಯಮ ನಡೆಸುತ್ತಿರುವ ಹೆಂಗಸರೇ ಎದುರು ಕೂತು ಸಲಹೆ ಕೊಡುವುದು. ಯಾವ ತಾಮ್ರದ ತಂತಿ ಎಲ್ಲಿ ಅಗ್ಗ, ಯಾವ ಕಂಪನಿ ಹಣ ಎಳೆದಾಡಿಸುತ್ತದೆ, ಯಾವ ಶಾಖೆಯಲ್ಲಿ ಕಾಗದ ಓದುವ ತಾಳ್ಮೆಯ ಮ್ಯಾನೇಜರ್ ಇದ್ದಾರೆ ಎಂಬುದು ತರಬೇತಿ ಶಿಬಿರಗಳ ಪುಸ್ತಕದಲ್ಲಿ ಇರುವುದಿಲ್ಲ. ಎದುರು ಕೂತವರ ತಲೆಯಲ್ಲಿರುತ್ತದೆ.

ಅಹಮದಾಬಾದಿನ ಸೇವಾ ಬ್ಯಾಂಕಿನ ಗ್ರಾಹಕರ ನಡುವೆ ಎರಿಕಾ ಫೀಲ್ಡ್, ಸೀಮಾ ಜಯಚಂದ್ರನ್, ರೋಹಿಣಿ ಪಾಂಡೆ ಮತ್ತು ನತಾಲಿಯಾ ರಿಗೋಲ್ ನಡೆಸಿದ ಪ್ರಯೋಗವೂ ಜೊತೆಗೊಬ್ಬರಿದ್ದರೆ ಆಗುವ ಲಾಭವನ್ನು ತೋರಿಸಿತು. ಎರಡು ದಿನದ ವ್ಯಾಪಾರ ತರಬೇತಿಗೆ ಕೆಲವು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದರು, ಉಳಿದವರಿಗೆ ಗೆಳತಿಯೊಬ್ಬಳನ್ನು ಜೊತೆಗೆ ತರಲು ಹೇಳಿದರು. ನಾಲ್ಕು ತಿಂಗಳ ನಂತರ ನೋಡಿದರೆ, ಗೆಳತಿಯೊಂದಿಗೆ ಬಂದವರೇ ವ್ಯಾಪಾರಕ್ಕೆಂದು ಹೆಚ್ಚು ಸಾಲ ತೆಗೆದಿದ್ದರು, ಅವರ ಮನೆಯ ವರಮಾನವೂ ಏರಿತ್ತು. ಹೊರಗೆ ಹೋಗಲು ಕಟ್ಟುಪಾಡು ಹೆಚ್ಚಿದ್ದ ಮನೆಗಳ ಹೆಂಗಸರಲ್ಲಿ ಈ ಪರಿಣಾಮ ಇನ್ನೂ ಜೋರು. ನಮ್ಮಲ್ಲಿ ತಿಂಗಳಿಗೊಮ್ಮೆ ಸೇರುವ ಗುಂಪಿಗೆ ಯಾರೂ ಒಂಟಿಯಾಗಿ ಬರಕೂಡದೆಂಬ ನಿಯಮ ಮಾಡಿದ್ದು ಈ ಅಧ್ಯಯನ ಓದಿದ ಮೇಲೆ. ನಾದಿನಿ, ಓರಗಿತ್ತಿ, ಪಕ್ಕದ ಮನೆಯವರು, ಯಾರಾದರೂ ಸರಿ. ಬ್ಯಾಂಕಿಗೂ ಇಬ್ಬರೇ ಹೋಗುತ್ತಾರೆ.

ಒಂದು ಕಹಿ ಮಾತನ್ನೂ ಹೇಳಬೇಕು. ಪೀಣ್ಯದಲ್ಲಿ ಬೋರ್ಡಿನ ಮೇಲೆ ಹೆಂಡತಿಯ ಹೆಸರು, ಒಳಗೆ ಗಂಡನ ಆಳ್ವಿಕೆ ಇರುವ ಘಟಕಗಳಿಗೆ ಕೊರತೆಯಿಲ್ಲ. ಕೇಂದ್ರದ ಸಂಸ್ಥೆಗಳು ತಮ್ಮ ಖರೀದಿಯ ಶೇ 3ನ್ನು ಮಹಿಳೆಯರ ಸಣ್ಣ ಘಟಕಗಳಿಂದ ಮಾಡಬೇಕೆಂದು 2018ರಲ್ಲಿ ನಿಯಮವಾದ ಮೇಲೆ ಹೀಗೆ ಬೋರ್ಡು ಹಾಕುವ ಆಸೆ ಹೆಚ್ಚಿದೆ. ಇಂಥ ಪ್ರತಿಯೊಂದು ಬೋರ್ಡೂ ನಿಜವಾಗಿ ನಡೆಸುವವಳ ಪಾಲನ್ನು ಕಿತ್ತುಕೊಳ್ಳುತ್ತದೆ. ಹೆಂಗಸರಿಗೆ ಕೊಟ್ಟ ಸಾಲದಿಂದ ಲಾಭ ಬರುವುದಿಲ್ಲ ಎಂಬ ಹಳೆಯ ಆಪಾದನೆಗೂ ಇದಕ್ಕೂ ಸಂಬಂಧವಿದೆ. ಭಾರತ, ಶ್ರೀಲಂಕಾ, ಘಾನಾದ ಅಂಕಿಗಳನ್ನು ಮತ್ತೆ ಪರಿಶೀಲಿಸಿದ 2019ರ ಅಧ್ಯಯನವೊಂದು ಕಂಡದ್ದು ಇದು: ಗಂಡನದೂ ವ್ಯಾಪಾರವಿರುವ ಮನೆಯಲ್ಲಿ ಅವಳ ಹಣ ಅವನ ವ್ಯಾಪಾರಕ್ಕೆ ಹರಿಯುತ್ತದೆ. ಅವಳದೊಂದೇ ವ್ಯಾಪಾರವಿದ್ದರೆ ಗಂಡಸರಷ್ಟೇ ಲಾಭ ಬರುತ್ತದೆ. ಸಾಲದ ಹಣ ಯಾರ ಖಾತೆಯಲ್ಲಿದೆ, ಚೆಕ್ಕಿಗೆ ಯಾರ ಸಹಿ, ಫೋನಿನ ಒಟಿಪಿ ಯಾರಿಗೆ ಬರುತ್ತದೆ ಎಂದು ನಾವು ಮುಲಾಜಿಲ್ಲದೆ ಕೇಳುತ್ತೇವೆ. ಕೆಲವು ಮನೆಗಳಲ್ಲಿ ಬೇಸರವಾಗಿದೆ. ಆಗಲಿ.

ಲಗ್ಗೆರೆಯ ಘಟಕ ಮುಚ್ಚಲಿಲ್ಲ. ಈಗ ಎರಡು ಕಂಪನಿಗಳಿಗೆ ಹೊಲಿಯುತ್ತಾರೆ, ಒಡವೆಯಲ್ಲಿ ಅರ್ಧ ಬಿಡಿಸಿಕೊಂಡಿದ್ದಾರೆ. ಸದ್ಯದ ಅವರ ಹೋರಾಟ ಟ್ರೆಡ್ಸ್‌ನದು. ಕೊಂಡವರು ಬಿಲ್ ಒಪ್ಪಿದರೆ ಸಾಕು, ಬ್ಯಾಂಕುಗಳು ಅದರ ಮೇಲೆ ಹರಾಜು ಕೂಗಿ ಕೆಲವೇ ದಿನಗಳಲ್ಲಿ ಹಣ ಕೊಡುವ ವ್ಯವಸ್ಥೆ ಇದು, ಅಡಮಾನ ಬೇಕಿಲ್ಲ. ವಾರ್ಷಿಕ ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಇದರಲ್ಲಿ ಸೇರಲೇಬೇಕೆಂದು 2024ರ ನವೆಂಬರಿನಲ್ಲಿ ಕೇಂದ್ರ ಆದೇಶಿಸಿತು. ಅವರ ಎರಡನೇ ಗಿರಾಕಿ ಸೇರಿದೆ, ಆದರೆ ಬಿಲ್ಲುಗಳನ್ನು ಒಪ್ಪದೆ ಹಾಗೇ ಇಟ್ಟುಕೊಂಡಿದೆ. ಸೇರುವುದು ಕಡ್ಡಾಯ, ಒಪ್ಪುವುದು ಕಡ್ಡಾಯವಲ್ಲ. ಮುಂದಿನ ತಿಂಗಳ ಸಭೆಗೆ ಆ ಕಂಪನಿಯ ಖರೀದಿ ವಿಭಾಗದವರನ್ನು ಕರೆದಿದ್ದೇವೆ. ಅವರಿಗೇ ಸರಕು ಕೊಡುವ ಇನ್ನೂ ಮೂವರು ಹೆಂಗಸರು, ಬೊಮ್ಮಸಂದ್ರದಿಂದ ಒಬ್ಬರು, ಹೂಡಿಯಿಂದ ಇಬ್ಬರು, ತಮ್ಮ ತಮ್ಮ ಬಾಕಿ ಬಿಲ್ಲುಗಳ ಪಟ್ಟಿ ಹಿಡಿದು ಬರುತ್ತಿದ್ದಾರೆ.