ಮಗು ಆಸ್ಪತ್ರೆಯಲ್ಲಿರುವಾಗ

ಹೆತ್ತ ಮಗುವಿಗೆ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನ ಯಾವ ಪ್ರಾರ್ಥನೆಯೂ ಬಾಯಿಗೆ ಬರುವುದಿಲ್ಲ. ಬಾರದಿದ್ದರೆ ಕೊರಗಬೇಡಿ, ಜಪಸರದ ಒಂದು ಮಣಿ ಹಿಡಿದು ಒಂದೇ ಒಂದು ‘ನಮೋ ಮರಿಯ’ ಹೇಳಿದರೂ ಸಾಕು. ಕಾಲಿನ ವ್ರಣದಿಂದ ನರಳಿದ್ದ ಸಂತ ಪೆರೆಗ್ರಿನ್ ಕ್ಯಾನ್ಸರ್ ರೋಗಿಗಳ ಪಾಲಕರು, ಅವರಲ್ಲಿ ಮೊರೆಯಿಡಿ. ಬೆಂಗಳೂರಿನವರಾದರೆ ಗುರುವಾರ ವಿವೇಕನಗರದ ಬಾಲಯೇಸು ಚರ್ಚಿಗೆ ಮನೆಯ ಒಬ್ಬರು ಹೋಗಿ ಮೇಣದಬತ್ತಿ ಹಚ್ಚಿ ಬರಲಿ. ತಾಯಿ ಮಗುವಿನ ಬಳಿಯೇ ಇರಲಿ. ಹರಕೆ ಹೊತ್ತಿದ್ದೇವೆಂದು ಕೀಮೋ ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ರೋಗಿಗಳ ಅಭ್ಯಂಗ ಎಂದರೆ ಹೆದರುವವರಿದ್ದಾರೆ. ಅದು ಸಾಯುವವರಿಗಷ್ಟೇ ಅಲ್ಲ, ಕಾಯಿಲೆ ಗಂಭೀರವಾಗಿದ್ದರೆ ತಿಳಿವಳಿಕೆ ಬಂದ ಮಗುವಿಗೂ ಕೊಡುತ್ತಾರೆ. ಧರ್ಮಕೇಂದ್ರದ ಗುರುಗಳನ್ನು ವಾರ್ಡಿಗೇ ಕರೆಸಿ.

ಇನ್ನು ನೋಡಲು ಬರುವ ಬಂಧುಗಳೇ, ದಮ್ಮಯ್ಯ, ‘ನಿಮ್ಮ ವಿಶ್ವಾಸ ಸಾಲದು’ ಎಂದು ಆ ತಾಯಿಗೆ ಹೇಳಬೇಡಿ. ಊಟದ ಡಬ್ಬಿ ತನ್ನಿ, ಒಂದು ರಾತ್ರಿ ಅವಳ ಬದಲು ನೀವು ಕೂತುಕೊಳ್ಳಿ.