ವಿದೇಶಿ ಬಾಣಸಿಗರು ಬೇಕೇ? ಮೊದಲು ಕಾಗದ, ಆಮೇಲೆ ಟಿಕೆಟ್

ಬೆಂಗಳೂರಿನಲ್ಲಿ ಜಪಾನಿ ಹೋಟೆಲ್ ತೆರೆದು, ಬಾಣಸಿಗರನ್ನು ಅಲ್ಲಿಂದಲೇ ಕರೆಸುವ ಯೋಚನೆಯೇ? ಕಾರ್ಖಾನೆಗೆ ಜರ್ಮನ್ ಎಂಜಿನಿಯರ್ ಬೇಕೇ? ನಮ್ಮಲ್ಲಿ ‘ವರ್ಕ್ ಪರ್ಮಿಟ್’ ಎಂಬ ಪ್ರತ್ಯೇಕ ಪತ್ರವಿಲ್ಲ. ಎಂಪ್ಲಾಯ್‌ಮೆಂಟ್ ವೀಸಾವೇ ಪರವಾನಗಿ. ಅರ್ಜಿ ಅವರದು, ಹೊಣೆ ಮಾತ್ರ ಕೆಲಸ ಕೊಡುವ ನಿಮ್ಮದು.

1. ಹುದ್ದೆ ನೋಡಿ: ಗುಮಾಸ್ತಿಕೆಯಂಥ ಮಾಮೂಲಿ ಕೆಲಸಕ್ಕೆ, ಅರ್ಹ ಭಾರತೀಯರು ಧಾರಾಳವಾಗಿ ಸಿಗುವ ಹುದ್ದೆಗೆ ಈ ವೀಸಾ ಸಿಗದು.

2. ಸಂಬಳ ಲೆಕ್ಕ ಹಾಕಿ: ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಇರಬೇಕು. ತಮ್ಮ ನಾಡಿನ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರಿಗೆ ವಿನಾಯಿತಿಯಿದೆ. ಹಾಗಾಗಿ ಈ ಮಿತಿ ಜಪಾನಿ ಬಾಣಸಿಗರಿಗೆ ತಾಗದು, ಎಂಜಿನಿಯರ್‌ಗೆ ತಾಗುತ್ತದೆ.

3. ಕಡತ ಜೋಡಿಸಿ: ನೇಮಕಾತಿ ಒಪ್ಪಂದ, ಸಂಸ್ಥೆಯ ನೋಂದಣಿ ಪತ್ರ, ಅವರ ವಿದ್ಯಾರ್ಹತೆ ಮತ್ತು ಅನುಭವದ ದಾಖಲೆ, ಇವರೇ ಏಕೆ ಬೇಕೆಂದು ವಿವರಿಸುವ ಪತ್ರ. ಹುದ್ದೆಯ ಹೆಸರು, ಸಂಬಳ, ಅವಧಿ ಎಲ್ಲದರಲ್ಲೂ ಒಂದೇ ಇರಲಿ. ಒಂದರಲ್ಲಿ ‘ಶೆಫ್’, ಇನ್ನೊಂದರಲ್ಲಿ ‘ಮ್ಯಾನೇಜರ್’ ಎಂದಿದ್ದರೆ ಪ್ರಶ್ನೆ ಏಳುತ್ತದೆ.

4. ಅರ್ಜಿ ಅಲ್ಲೇ ಹಾಕಿಸಿ: ಅವರು ವೀಸಾವನ್ನು ತಮ್ಮ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಪಡೆಯಬೇಕು. ‘ಟೂರಿಸ್ಟ್ ವೀಸಾದಲ್ಲಿ ಬರಲಿ, ಇಲ್ಲಿ ಬದಲಿಸಿಕೊಂಡರಾಯಿತು’ ಎಂಬ ಸಲಹೆಗೆ ಕಿವಿಗೊಡಬೇಡಿ.

5. ಬಂದಿಳಿದ ಮೇಲೆ: ವೀಸಾ ಅವಧಿ 180 ದಿನ ಮೀರಿದ್ದರೆ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಕಡ್ಡಾಯ. ಬೆಂಗಳೂರಿನ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಆದರೆ ಅರ್ಜಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲೇ, ಕರೆದರೆ ಮಾತ್ರ ಹೋದರೆ ಸಾಕು. ‘ಫಾರಂ ಸಿ’ ಎಂದೇ ಪರಿಚಿತವಾದ, ವಿದೇಶಿಯರ ವಾಸ್ತವ್ಯದ ಮಾಹಿತಿಯನ್ನು ಮನೆ ಮಾಲೀಕರು 24 ಗಂಟೆಯೊಳಗೆ ಸಲ್ಲಿಸಬೇಕು. ಬಾಡಿಗೆ ಕರಾರಿಗೆ ಮೊದಲೇ ಅವರಿಗೆ ಇದನ್ನು ತಿಳಿಸಿಡಿ.

6. ಸಂಬಳದ ಕಡಿತ: ಪ್ಯಾನ್ ಮಾಡಿಸಿ, ಟಿಡಿಎಸ್ ಕಡಿತ ಮಾಡಿ. ವಿದೇಶಿ ನೌಕರರಿಗೆ ಸಂಬಳ ಎಷ್ಟೇ ಇದ್ದರೂ ಪಿಎಫ್ ಕಡ್ಡಾಯಗೊಳಿಸಿದ 2008ರ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಆದರೆ ದೆಹಲಿ ಹೈಕೋರ್ಟ್ ಅದೇ ನಿಯಮವನ್ನು 2025ರಲ್ಲಿ ಎತ್ತಿಹಿಡಿಯಿತು. ಪಿಎಫ್ ಬಿಡುವ ಮುನ್ನ ಆಡಿಟರ್ ಮಾತು ಕೇಳಿ.

7. ಕೆಲಸ ಬಿಟ್ಟರೆ: ಈ ವೀಸಾ ನಿಮ್ಮ ಸಂಸ್ಥೆಗೇ ಅಂಟಿಕೊಂಡದ್ದು. ಪಕ್ಕದ ಹೋಟೆಲ್ ಹೆಚ್ಚು ಸಂಬಳ ಕೊಡುತ್ತದೆಂದು ಬಾಣಸಿಗರು ಅಲ್ಲಿಗೆ ಸೇರುವಂತಿಲ್ಲ. ಬಿಟ್ಟ ಕೂಡಲೇ ಎಫ್‌ಆರ್‌ಆರ್‌ಒಗೆ ತಿಳಿಸಿ.

ನೆನಪಿಡಿ: ವೀಸಾ ಮುದ್ರೆ ಬೀಳುವವರೆಗೆ ವಿಮಾನದ ಟಿಕೆಟ್ ಬೇಡ, ಹೋಟೆಲ್ ಉದ್ಘಾಟನೆಯ ಆಮಂತ್ರಣ ಪತ್ರಿಕೆಯನ್ನೂ ಅಚ್ಚು ಹಾಕಿಸಬೇಡಿ.